‘ದಿ ಥರ್ಡ್ ಮ್ಯಾನ್’ನ ಸೌಂಡ್ ಆಫ್ ಮಾಡಿ ನೋಡಿದೆ

ಮೊದಲ ಸಲ ನೋಡಿದಾಗ ಕತ್ತು ನೋವು ಬಂದಿದ್ದೊಂದೇ ನೆನಪು. ಯಾವ ಶಾಟ್ ನೋಡಿದರೂ ವಾರೆ. 1949ರ ಸಿನಿಮಾ, ಎಲ್ಲರೂ ಹೊಗಳುತ್ತಾರೆ, ನನಗೇ ಏನೂ ಹತ್ತಲಿಲ್ಲ. ತಪ್ಪು ಸ್ವಲ್ಪ ಟಿವಿಯದ್ದೂ ಇತ್ತು: ಕ್ರಿಕೆಟ್‌ಗೆ ಅಂತ ಬ್ರೈಟ್‌ನೆಸ್ ಏರಿಸಿಟ್ಟಿದ್ದೆ, ಕಪ್ಪೆಲ್ಲ ಬೂದಿ ಬಣ್ಣ ಆಗಿತ್ತು.

ಎರಡನೇ ಸಲ ಬ್ರೈಟ್‌ನೆಸ್ ಇಳಿಸಿ, ರೂಮಿನ ಲೈಟ್ ಆರಿಸಿ, ಸೌಂಡನ್ನೂ ಬಂದ್ ಮಾಡಿ ಕೂತೆ. ಆಂಟನ್ ಕರಾಸ್‌ನ ಜಿದರ್ ವಾದ್ಯ ಕೇಳಿಸದಿದ್ದರೆ ನಷ್ಟವೇ, ಆದರೆ ಅದು ಕಿವಿಗೆ ಬಿದ್ದರೆ ಕಣ್ಣು ಸೋಮಾರಿಯಾಗುತ್ತೆ. ಸೀನಿಗೊಮ್ಮೆ ನಿಲ್ಲಿಸಿ, ಬೆಳಕು ಎಲ್ಲಿಂದ ಬರ್ತಿದೆ ಅಂತ ನೋಟ್‌ಬುಕ್ಕಲ್ಲಿ ಬಾಣ ಹಾಕುತ್ತಾ ಹೋದೆ.

ಸತ್ತುಹೋದ ಅಂತ ಎಲ್ಲರೂ ಅಂದುಕೊಂಡಿದ್ದ ಹ್ಯಾರಿ ಲೈಮ್ ಮೊದಲು ಕಾಣಿಸುವ ಜಾಗದಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡೆ. ಬಾಗಿಲ ಮೂಲೆ ಪೂರ್ತಿ ಕತ್ತಲು, ಬೂಟು ಮಾತ್ರ ಕಾಣುತ್ತೆ, ಅದರ ಹತ್ತಿರ ಬೆಕ್ಕು. ಹ್ಯಾರಿಯ ಗೆಳೆಯ ಹಾಲಿ ಮಾರ್ಟಿನ್ಸ್ ಬೀದಿಯಲ್ಲಿ ನಿಂತು ಕೂಗಾಡಿದ್ದಕ್ಕೆ ಮೇಲಿನ ಮನೆಯವರ ನಿದ್ದೆ ಕೆಟ್ಟು ದೀಪ ಹತ್ತುತ್ತೆ, ಆ ಬೆಳಕು ಸೀದಾ ಹ್ಯಾರಿಯ ಪಾತ್ರ ಮಾಡಿದ ಆರ್ಸನ್ ವೆಲ್ಸ್ ಮುಖಕ್ಕೆ ಬೀಳುತ್ತೆ, ಅವನು ಸಿಕ್ಕಿಬಿದ್ದ ತುಂಟ ಹುಡುಗನ ಹಾಗೆ ನಗುತ್ತಾನೆ. ಬೆಳಕಿಗೂ ಕತೆಯೊಳಗೇ ಕಾರಣ ಇದೆ, ನೋಡಿ.

ಇನ್ನೊಂದು, ನೆಲ. ರಾತ್ರಿ ಸೀನುಗಳಲ್ಲಿ ವಿಯೆನ್ನಾದ ಕಲ್ಲುಹಾಸಿನ ಬೀದಿಗಳು ಸದಾ ಒದ್ದೆ. ಮಳೆ ಅಲ್ಲ, ಬೇಕಂತಲೇ ನೀರು ಹೊಡೆಸಿದ್ದು. ಯಾಕೆ ಅಂತ ತಿಳಿಯೋಕೆ ರಾತ್ರಿ ನಮ್ಮ ಮನೆ ಮುಂದೆ ಟಾರ್ಚ್ ನೆಲಕ್ಕೆ ತಾಗಿಸಿಟ್ಟು ನೋಡಿದೆ. ಒಣ ಕಲ್ಲು ಬೆಳಕನ್ನೆಲ್ಲ ನುಂಗಿತು. ಒಂದು ಬಕೆಟ್ ನೀರು ಸುರಿದೆ, ಪ್ರತಿ ಕಲ್ಲಿನ ಅಂಚೂ ಮಿಂಚಿತು. “ಈ ಹೊತ್ತಲ್ಲಿ ಯಾರಾದ್ರೂ ಬಾಗಿಲಿಗೆ ನೀರು ಹಾಕ್ತಾರೇನೋ?” ಅಂತ ಅಮ್ಮ ಒಳಗಿನಿಂದಲೇ ಬೈದರು. ರಾಬರ್ಟ್ ಕ್ರಾಸ್ಕರ್‌ಗೆ ಛಾಯಾಗ್ರಹಣದ ಆಸ್ಕರ್ ಸಿಕ್ಕಿತು, ನನಗೆ ಇದು.

ವಾರೆ ಶಾಟ್‌ಗಳ ವಿಷಯದಲ್ಲಿ ನನ್ನ ತಕರಾರು ಪೂರ್ತಿ ಹೋಗಿಲ್ಲ. ಯುದ್ಧ ಮುಗಿದು ನಾಲ್ಕು ದೇಶಗಳು ಹಂಚಿಕೊಂಡ ಊರು, ಯಾರನ್ನೂ ನಂಬೋಕಾಗಲ್ಲ, ಸರಿ. ಆದರೂ ಒಂದೆರಡು ಕಡೆ ಜಾಸ್ತಿಯೇ ಆಯ್ತು. ಈ ಸಿನಿಮಾದ ನಿರ್ದೇಶಕ ಕ್ಯಾರಲ್ ರೀಡ್‌ಗೆ ಹಾಲಿವುಡ್ ನಿರ್ದೇಶಕ ವಿಲಿಯಂ ವೈಲರ್ ಗಾರೆ ಕೆಲಸದವರ ರಸಮಟ್ಟ ಕಳಿಸಿ, ಮುಂದಿನ ಸಲ ಇದನ್ನ ಕ್ಯಾಮೆರಾ ಮೇಲಿಟ್ಟುಕೋ ಅಂದಿದ್ದರಂತೆ!

ಕೊನೆಯ ಶಾಟ್‌ಗೆ ಬಂದಾಗ ಬಾಣ ಹಾಕೋಕೆ ಏನೂ ಇರಲಿಲ್ಲ. ಹಗಲು. ಸ್ಮಶಾನದ ರಸ್ತೆ, ಎರಡೂ ಕಡೆ ಬೋಳು ಮರ, ಕ್ಯಾಮೆರಾ ನೆಟ್ಟಗೆ ನಿಂತಿದೆ. ಹ್ಯಾರಿಯ ಪ್ರೇಯಸಿ ಆನ್ನಾ ದೂರದಿಂದ ನಡೆದು ಬರುತ್ತಾಳೆ, ಬರುತ್ತಲೇ ಇರುತ್ತಾಳೆ, ಕಾಯುತ್ತಿರುವ ಹಾಲಿಯ ಕಡೆ ತಿರುಗಿಯೂ ನೋಡದೆ ದಾಟಿ ಹೋಗುತ್ತಾಳೆ.