ಅಂಚಿನ ಬೋಲ್ಟುಗಳ ಭಾರ ಇಳಿಸಿ ಪೆಡೆಸ್ಟಲ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಪುಣೆಯ ಚಾಕಣದ ಒಂದು ಕಾರ್ಖಾನೆಯಲ್ಲಿ ಕನ್ವೇಯರಿನ ಓರೆಕಾಲುಗಳನ್ನು ನಿಲ್ಲಿಸುವ ಕೆಲಸ ನಮಗೆ ಬರುವ ಹೊತ್ತಿಗೆ ಅವು ಕೂರುವ ಕಾಂಕ್ರೀಟ್ ಪೀಠಗಳನ್ನು, ಅಂದರೆ ಪೆಡೆಸ್ಟಲ್‌ಗಳನ್ನು ಬೇರೆಯವರು ಎರೆದು ಹೋಗಿದ್ದರು. 450 ಮಿ.ಮೀ. ಚೌಕ, 20 ಮಿ.ಮೀ. ದಪ್ಪದ ನಾಲ್ಕು ಎಂ20 ಬೋಲ್ಟು, ಅಂಚಿನಿಂದ ಬೋಲ್ಟಿಗೆ ಬರೀ 75 ಮಿ.ಮೀ. ಓರೆಕಾಲು ಸದಾ ಹೊರಕ್ಕೇ ತಳ್ಳುವುದರಿಂದ, ಬೋಲ್ಟು ತುಂಡಾಗುವುದಕ್ಕೆ ಬಹಳ ಮೊದಲೇ, ತಳ್ಳುವ ದಿಕ್ಕಿನ ಅಂಚಿಗಿರುವ ಮುಂದಿನ ಸಾಲಿನ ಎದುರಿನ ಕಾಂಕ್ರೀಟು ಕಿತ್ತುಬರುತ್ತದೆಂದು ಲೆಕ್ಕ ಹೇಳುತ್ತಿತ್ತು. ಎಲ್ಲವನ್ನೂ ಒಡೆದು ಮತ್ತೆ ಎರೆಯಲು ಸುಮಾರು ಒಂದೂವರೆ ಲಕ್ಷ ಬೇಕಿತ್ತು. ಕೊಡುವವರು ಯಾರೂ ಇರಲಿಲ್ಲ.

ಕಾಲಿನ ಬುಡದ ಉಕ್ಕಿನ ಪ್ಲೇಟಿನಲ್ಲಿ ಮುಂದಿನ ಎರಡು ರಂಧ್ರಗಳನ್ನು ಉದ್ದ ಮಾಡಿ ಸ್ಲಾಟ್ ಮಾಡಿ, ಅಡ್ಡ ತಳ್ಳುವ ಬಲವನ್ನು, ಅಂದರೆ ಶಿಯರನ್ನೆಲ್ಲ ಹಿಂದಿನ ಸಾಲಿಗೆ ಕೊಡೋಣ ಎಂದೆ. ನಾಲ್ಕು ಬೋಲ್ಟಿನಲ್ಲಿ ಎರಡನ್ನು ಬಿಟ್ಟರೆ ಬಲ ಹೆಚ್ಚುವುದು ಹೇಗೆಂದು ಕನ್ಸಲ್ಟೆಂಟ್ ಸಾಹೇಬರು ನಕ್ಕರು. ವಿಜಯಪುರದ ನಮ್ಮ ಫಿಟ್ಟರ್ ಕೂಡ, "ಮುಂದಿನ ಬೋಲ್ಟ್ ಇದ್ದೂ ಇಲ್ಲದಂಗಾತಲ್ರೀ" ಎಂದ. ಅದೇ ಬೇಕಾಗಿತ್ತು. ಭಾರ ಹೊರುವ ಸಾಲಿಗೆ ಅದೇ ಅಂಚಿನ ದೂರ 75ರಿಂದ 375ಕ್ಕೆ ಏರಿದರೆ, ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ ಸೂತ್ರದಲ್ಲಿ ಆ ದೂರದ ಘಾತ ಒಂದೂವರೆ ಇರುವುದರಿಂದ, ಕಾಂಕ್ರೀಟಿನ ಮೂಲ ಬಲ ಹನ್ನೊಂದು ಪಟ್ಟಾಗುತ್ತದೆ. ಆದರೆ ಪೆಡೆಸ್ಟಲಿನ ಅಗಲ ಸಾಲದೆ ಬಿರುಕಿನ ಹರವು ಎರಡೂ ಪಕ್ಕದಲ್ಲಿ ಮೊಟಕಾಗಿ, ಕಳೆದು ಕೂಡಿಸಿದ ಮೇಲೆ ಉಳಿಯುವುದು ಸುಮಾರು ಎರಡು ಪಟ್ಟು ಮಾತ್ರ. ನಮಗೆ ಅಷ್ಟು ಸಾಕಿತ್ತು. ಎರಡೇ ಬೋಲ್ಟಿನ ಉಕ್ಕೂ ತಾಳುತ್ತಿತ್ತು.

ಅಂಗಳದಲ್ಲಿ ಒಳಗೆ ಕಬ್ಬಿಣದ ಸರಳಿಲ್ಲದ ಮಾದರಿಗಳನ್ನು ಎರೆದು ಜಾಕ್ ಹಚ್ಚಿದೆವು. ಸಾಮಾನ್ಯ ಪ್ಲೇಟಿನದು ಮೂರೂವರೆ ಟನ್ ಆಸುಪಾಸಿನಲ್ಲೇ ಚಕ್ಕೆ ಬಿಟ್ಟಿತು. ಸ್ಲಾಟಿನದೂ ಮೊದಲಿಗೆ ಅಲ್ಲೇ ಒಡೆಯಿತು, ಸಾಹೇಬರಿಗೆ ಖುಷಿಯೋ ಖುಷಿ. ಪ್ಲೇಟ್ ಎತ್ತಿ ನೋಡಿದರೆ ಅದರಡಿ ಸುರಿದ ಸಿಮೆಂಟಿನ ತೆಳುಗಾರೆ, ಅಂದರೆ ಗ್ರೌಟ್ ಸ್ಲಾಟಿನೊಳಗೆ ಹೊಕ್ಕು, ಬೋಲ್ಟಿನ ಹಿಂಬದಿಯ ಸಂದನ್ನೇ ತುಂಬಿ ಕಲ್ಲಾಗಿತ್ತು. ಪ್ಲೇಟ್ ಹೊರಕ್ಕೆ ಸರಿಯುವಾಗ ಒತ್ತುವುದು ರಂಧ್ರದ ಒಳಬದಿಯ ಅಂಚು. ಖಾಲಿ ಇರಬೇಕಾದದ್ದೂ ಅಲ್ಲೇ. ಗ್ಯಾಸ್ ಕಟಿಂಗಿನ ಸ್ಲಾಟೂ ಬೇಡ, ಗಂಟುಗಳು ಥ್ರೆಡ್ಡಿಗೆ ಕಚ್ಚುತ್ತವೆ. ಎರಡು ರಂಧ್ರ ಕೊರೆದು ನಡುವಿನದನ್ನು ಕತ್ತರಿಸಿ ಅರದಿಂದ ಉಜ್ಜಬೇಕು. ಸಂದಿನೊಳಗೆ ಗ್ರೌಟ್ ಇಳಿಯದಂತೆ ನಾನು ಏನು ತುಂಬುತ್ತೇನೆಂಬುದು ನನ್ನಲ್ಲೇ ಇರಲಿ. ಹಿಂದಿನ ಸಾಲಿನ ರಂಧ್ರಗಳು 26 ಮಿ.ಮೀ. ಇದ್ದುದರಿಂದ, 21ರ ರಂಧ್ರವಿರುವ ದಪ್ಪ ವಾಷರನ್ನು ಬೋಲ್ಟಿಗೆ ತಾಗಿಸಿ ಕೂರಿಸಿ ಪ್ಲೇಟಿಗೆ ವೆಲ್ಡ್ ಮಾಡಿದೆವು. ಆಮೇಲೆ ಆರು ಟನ್ ದಾಟಿತು.

ಇದರ ನಡುವೆ ಪೆಡೆಸ್ಟಲಿಗೆ ಚಪ್ಪಟೆ ಪಟ್ಟಿಯ ಕಟ್ಟು ಹಾಕಿಯೂ ನೋಡಿದೆ. ಬಿರುಕು ಹೆಚ್ಚುಕಡಿಮೆ ಅದೇ ಭಾರಕ್ಕೆ ಬಂತು, ಚೂರು ಮಾತ್ರ ಕೆಳಗೆ ಬೀಳಲಿಲ್ಲ.

ಎಲ್ಲ ಕಾಲುಗಳಿಗೂ ಸೇರಿ ಇಪ್ಪತ್ತೆರಡು ಸಾವಿರದೊಳಗೆ ಮುಗಿಯಿತು. ತಳ್ಳುವ ದಿಕ್ಕು ಬದಲಾಗುವ ಕಡೆ, ಅಂದರೆ ಗಾಳಿಯ ಹೊಡೆತ ತಡೆಯುವ ಓರೆ ಬ್ರೇಸಿಂಗ್ ಇಳಿಯುವ ಕಂಬದ ಬುಡದಲ್ಲಿ, ನಾನು ಇದನ್ನು ಮಾಡುವುದಿಲ್ಲ: ಅಲ್ಲಿ ಹಿಂದಿನ ಸಾಲೇ ಮುಂದಿನದಾಗುತ್ತದೆ. ಎರೆಯುವ ಮುಂಚೆ ಕರೆದರೆ ಪೆಡೆಸ್ಟಲಿನ ತಲೆಯ 125 ಮಿ.ಮೀ.ಯೊಳಗೆ ಬೋಲ್ಟುಗಳನ್ನು ಸುತ್ತುವಂತೆ ಸರಳಿನ ರಿಂಗುಗಳನ್ನು ಒತ್ತಾಗಿ ಹಾಕಿಸುತ್ತೇನೆ.