ಫೋರ್ಡ್ ಹೋದ ಮೇಲೆ ಹಳೇ ಎಂಡೆವರ್ ಕೊಂಡ ನನ್ನ ಅನುಭವ

"ಕಂಪನಿನೇ ಗಂಟುಮೂಟೆ ಕಟ್ಟಿದೆ, ನೀನು ಗಾಡಿ ತಗೋತೀಯಾ?" ಹಾಸನದ ನನ್ನ ಗೆಳೆಯರಲ್ಲಿ ಇದನ್ನು ಕೇಳದವರಿಲ್ಲ. ನನ್ನ ಲೆಕ್ಕ ಬೇರೆ ಇತ್ತು. ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಎಂದು ಫೋರ್ಡ್ 2021ರಲ್ಲಿ ಹೇಳಿದ್ದಕ್ಕೇ ಎಂಡೆವರ್‌ನಂಥ ದೊಡ್ಡ ಎಸ್‌ಯುವಿ ನನ್ನಂಥವರ ಕೈಗೆ ಸಿಗುವಂತಾಯಿತು. ಅದೇ ವಯಸ್ಸಿನ ಫಾರ್ಚುನರ್ ಕೇಳಿದರೆ ನಾಲ್ಕೈದು ಲಕ್ಷ ಜಾಸ್ತಿ ಹೇಳುತ್ತಿದ್ದರು. ಪಾರ್ಟ್ ಸಿಗಲ್ಲ ಅನ್ನೋದು ಎಲ್ಲರ ಭಯ. ಇದೇ ಗಾಡಿ ಹೊರದೇಶಗಳಲ್ಲಿ ಎವರೆಸ್ಟ್ ಹೆಸರಿನಲ್ಲಿ ಓಡುತ್ತದೆ, ಇದರ 3.2 ಲೀಟರ್ ಡೀಸೆಲ್ ಎಂಜಿನ್ ಫೋರ್ಡ್‌ನ ರೇಂಜರ್ ಪಿಕಪ್‌ನಲ್ಲೂ ಇತ್ತು. ಇಷ್ಟು ದಿನದಲ್ಲಿ ಪಾರ್ಟ್‌ಗೆ ಕಾದದ್ದುಂಟು, ಸಿಗದೆ ಗಾಡಿ ಮೂಲೆ ಸೇರಿದ್ದಿಲ್ಲ.

ಬೇಕಿದ್ದದ್ದು ಇಷ್ಟೇ: ಅಮ್ಮ, ನಾವಿಬ್ಬರು, ಮಕ್ಕಳು, ಸಾಮಾನು ಎಲ್ಲ ಹಿಡಿಯಬೇಕು. ಸಕಲೇಶಪುರದ ಆಚೆಯ ಎಸ್ಟೇಟ್ ದಾರಿಗಳಲ್ಲಿ ಮಳೆಗಾಲದಲ್ಲೂ ಹತ್ತಬೇಕು. ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ 4x4, ಕಡಿದಾದ ಏರಿಗೆ ನಿಧಾನವಾಗಿ ಹೆಚ್ಚು ಬಲ ಕೊಡುವ ಲೋ ರೇಂಜ್ ಗೇರ್ ಬೇಕೇ ಬೇಕು.

ಮೊದಲು ದೆಹಲಿ ಗಾಡಿಗಳ ಹಿಂದೆ ಬಿದ್ದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಆಗ ನಿರ್ಬಂಧ ಇದ್ದುದರಿಂದ ಬೆಲೆ ನೋಡಿದರೆ ಆಸೆಯಾಗುತ್ತಿತ್ತು. ಆದರೆ ನಮ್ಮ ಆರ್‌ಟಿಓದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕಲ್ಲ. ವಯಸ್ಸು ನೋಡಿ ಶೇಕಡಾವಾರು ಇಳಿಸುತ್ತಾರೆ ನಿಜ, ಆದರೆ ಲೆಕ್ಕ ಹಿಡಿಯೋದು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಓಡಾಟ, ಗಾಡಿ ತರುವ ಖರ್ಚು ಸೇರಿಸಿದರೆ ಉಳಿತಾಯ ಒಂದು ಲಕ್ಷವೂ ಇರಲಿಲ್ಲ. ಕೆಎ ನಂಬರ್ ಬಿಟ್ಟು ಬೇರೆ ನೋಡಬೇಡಿ.

ಆಮೇಲೆ ಬೆಂಗಳೂರಿನಲ್ಲಿ ಒಂದು ಸಿಕ್ಕಿತು. ಕಡುಗಪ್ಪು, ಒಳಗೆಲ್ಲ ಫಳಫಳ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಔಟರ್ ರಿಂಗ್ ರೋಡ್ ಕಡೆ ಎಂಥೆಂಥ ಗಾಡಿಗಳು ಮುಳುಗಿದ್ದವು, ನೆನಪಿದೆ ಅಲ್ವಾ? ಅದೇ ಅನುಮಾನದಿಂದ ಮೂರನೇ ಸಾಲಿನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದೆ. ಕೊನೆಯ ಒಂದಡಿ ಬೆಲ್ಟ್ ಮೇಲೆ ಕೆಂಚು ಗೆರೆ, ಉಗುರಲ್ಲಿ ಕೆರೆದರೆ ಒಣ ಮಣ್ಣು. ಕಾರ್ಪೆಟ್ ಎತ್ತಿದರೆ ಸೀಟಿನ ಬೋಲ್ಟ್‌ಗಳಿಗೆ ತುಕ್ಕು. ಮಾರುವವನು "ಎಸಿ ನೀರು ಸಾರ್" ಅಂದ. ಕೊಟ್ಟಿದ್ದ ಇಪ್ಪತ್ತೈದು ಸಾವಿರ ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬಂತು, ಉಳಿದದ್ದು ಹೋಯಿತು. ಆ ಗಾಡಿ ತಗೊಳ್ಳದೆ ಉಳಿಸಿದ ದುಡ್ಡಿನ ಮುಂದೆ ಅದೇನೂ ಅಲ್ಲ.

ಇನ್ನೊಂದರ ಮೀಟರ್ 78 ಸಾವಿರ ಚಿಲ್ಲರೆ ತೋರಿಸುತ್ತಿತ್ತು. ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಒಬಿಡಿ ಅಡಾಪ್ಟರನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಫೋರ್ಡ್ ಗಾಡಿಗಳನ್ನು ಓದುವ ಫೋರ್‌ಸ್ಕ್ಯಾನ್ ಸಾಫ್ಟ್‌ವೇರ್‌ನಲ್ಲಿ ನೋಡಿದರೆ ಒಳಗೆ ಒಂದು ಕಡೆ ಒಂದೂವರೆ ಲಕ್ಷದ ಹತ್ತಿರದ ಲೆಕ್ಕ ಹಾಗೇ ಕೂತಿತ್ತು. ಯಾವ ಮಾಡ್ಯೂಲ್ (ಗಾಡಿಯೊಳಗಿನ ಎಲೆಕ್ಟ್ರಾನಿಕ್ ಘಟಕ) ಅಂತ ಇಲ್ಲಿ ಬರೆಯುವುದಿಲ್ಲ. ಮೀಟರ್ ತಿರುಗಿಸುವವರೂ ಇದನ್ನು ಓದುತ್ತಾರೆ.

ಕೊನೆಗೆ ಸಿಕ್ಕಿದ್ದು ಮೈಸೂರಿನದು. 2017ರ ಮಾಡೆಲ್, ಒಬ್ಬರೇ ಓನರ್, ಲಕ್ಷದ ಮೇಲೆ ಸ್ವಲ್ಪ ಓಡಿತ್ತು, ಸರ್ವಿಸ್ ಬಿಲ್ ಎಲ್ಲ ಫೈಲ್ ಮಾಡಿಟ್ಟಿದ್ದರು. ಬೆಳಿಗ್ಗೆ ಆರಕ್ಕೇ ಹೋದೆ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು ಅಂತ. ಬಾನೆಟ್ ಮುಟ್ಟಿ ನೋಡಿದ ಮೇಲೇ ಕೀ ಕೇಳಿದ್ದು. ಮೊದಲು ಹದಿನೆಂಟೂವರೆ ಲಕ್ಷ ಅಂದರು, ಹದಿನೇಳೂಕಾಲು ಲಕ್ಷಕ್ಕೆ ಮುಗಿಯಿತು.

ತೊಡಕು ಇದ್ದದ್ದು ಸಾಲದಲ್ಲಿ. ಆರ್‌ಸಿ ಮೇಲೆ ಬ್ಯಾಂಕಿನ ಹೆಸರು, ಬಾಕಿ ನಾಲ್ಕು ಲಕ್ಷದಷ್ಟು. "ನೀವು ಪೂರ್ತಿ ಕೊಡಿ, ನಾನು ಕಟ್ಟಿಕೊಳ್ತೀನಿ" ಅಂದರು. ನಾನು ಒಪ್ಪಲಿಲ್ಲ. ಬಾಕಿ ಹಣವನ್ನು ನಾನೇ ನೇರ ಅವರ ಲೋನ್ ಖಾತೆಗೆ ಕಟ್ಟಿದೆ, ಛಾಪಾ ಕಾಗದದ ಮೇಲೆ ಬರೆಸಿಕೊಂಡೆ. ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೆ ಉಳಿದದ್ದು ಕೊಟ್ಟೆ. ಆಮೇಲೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸುವ ಫಾರ್ಮ್ 29, 30. ಈ ಷರತ್ತಿಗೆ ಯಾರೂ ಒಪ್ಪಲ್ಲ ಅಂತ ಕೆಲವರು ಅಂದಿದ್ದರು. ನಿಯತ್ತಿನವರು ಒಪ್ಪುತ್ತಾರೆ.

ನನ್ನ ಇಡೀ ಉಪಾಯದ ಜೀವ ಇರುವುದು ಮುಂದಿನ ಮಾತಿನಲ್ಲಿ. ಬಜೆಟ್ ಇಪ್ಪತ್ತು ಲಕ್ಷ ಇದ್ದರೂ ಮೂರು ಲಕ್ಷದ ಹತ್ತಿರದ ಹಣವನ್ನು ಮುಟ್ಟದೆ ಪಕ್ಕಕ್ಕಿಟ್ಟಿದ್ದೆ. ನಾಲ್ಕು ಟೈರ್‌ಗೆ ಎಪ್ಪತ್ತು ಸಾವಿರದ ಹತ್ತಿರ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಬದಲಿಸಿ, ಸಸ್ಪೆನ್ಷನ್ ಬುಷ್ ಹಾಕಿಸಿದ್ದಕ್ಕೆ ಎಂಬತ್ತು ಸಾವಿರದ ಮೇಲಾಯಿತು. ಬ್ಯಾಟರಿ, ಇನ್ಶೂರೆನ್ಸ್ ಸೇರಿ ಎರಡು ಲಕ್ಷ ದಾಟಿತು, ಮೂರು ಮುಟ್ಟಲಿಲ್ಲ. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಮಗೆ ಬರಲ್ಲ, ಅದನ್ನೂ ಲೆಕ್ಕದಲ್ಲಿಟ್ಟಿರಿ.

3.2 ಎಂಜಿನ್ ಗಾಡಿ ಇರುವವರಿಗೆ ಒಂದು ಮಾತು. ಎಂಜಿನ್ ಆಯಿಲ್ ಇಳಿಸಿ ಟೀ ಕುಡಿಯಲು ಹೋಗುವ ಮೆಕ್ಯಾನಿಕ್‌ಗೆ ಗಾಡಿ ಕೊಡಬೇಡಿ. ಹತ್ತು ನಿಮಿಷದೊಳಗೆ ಹೊಸ ಆಯಿಲ್ ಒಳಗೆ ಹೋಗಬೇಕು. ತಡವಾದರೆ ಆಯಿಲ್ ಪಂಪ್ ಗಾಳಿ ಹಿಡಿದು, ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್‌ಗೆ ಆಯಿಲ್ ಏರದೆ ಹೋಗಬಹುದು. ನಾನು ಪಕ್ಕದಲ್ಲೇ ಗಡಿಯಾರ ಹಿಡಿದು ನಿಲ್ಲುತ್ತೇನೆ.

ಮೈಲೇಜ್ ಊರೊಳಗೆ ಏಳೆಂಟು, ಹೈವೇಯಲ್ಲಿ ಹತ್ತು ಹನ್ನೊಂದು. ಅಷ್ಟೇ. ಆದರೆ ಬಿಸ್ಲೆ ಘಾಟ್ ಕಡೆ ಕೆಟ್ಟ ರಸ್ತೆಯಲ್ಲಿ ಅಮ್ಮ ನಿದ್ದೆ ಮಾಡುತ್ತಾರೆ. ಮೊದಲಿನ ಸಣ್ಣ ಕಾರಿನಲ್ಲಿ ಸಕಲೇಶಪುರ ಬರುವ ಮೊದಲೇ ಸೊಂಟ ಹಿಡಿದುಕೊಳ್ಳುತ್ತಿದ್ದರು. ಅವರಿಗೆ ಹತ್ತಲು ಮರದ ಮಣೆಯೊಂದು ಸದಾ ಡಿಕ್ಕಿಯಲ್ಲಿರುತ್ತದೆ. ಎಸ್ಟೇಟ್ ಕೆಸರಿನಲ್ಲಿ ಟೈರ್ ಗಾಳಿ 24 ಪಿಎಸ್‌ಐಗೆ ಇಳಿಸುತ್ತೇನೆ, ಮಾಲೀಕರನ್ನು ಕೇಳದೆ ಒಳಗೆ ನುಗ್ಗುವುದಿಲ್ಲ. ಹುಲ್ಲುಗಾವಲು, ಹಳ್ಳಗಳಲ್ಲಿ ಗಾಡಿ ಓಡಿಸಿ ವಿಡಿಯೋ ಮಾಡುವವರನ್ನು ಕಂಡರೆ ಸಿಟ್ಟು ಬರುತ್ತದೆ.

ಗಾಡಿಯಲ್ಲೇ ಮಲಗುವ ಪ್ರಯೋಗವೂ ನಡೆದಿದೆ. ಹಿಂದಿನ ಎರಡೂ ಸಾಲು ಮಡಚಿದರೂ ತಳ ಸಮ ಬರಲ್ಲ. ಫೋಮ್ ಹಾಕಿದೆ, ಜಾರಿತು. ಗಾಳಿ ಹಾಸಿಗೆ ತಂದೆ, ಬೆಳಗಾಗುವುದರೊಳಗೆ ಸೊರಗಿತು. ಈಗ 12 ಎಂಎಂ ಪ್ಲೈವುಡ್ ಎರಡು ತುಂಡು, ನಡುವೆ ಕೀಲು, ಮೇಲೆ ತೆಳು ನಾರಿನ ಹಾಸಿಗೆ. ಕಿಟಕಿಗೆ ಮ್ಯಾಗ್ನೆಟ್ ಹೊಲಿದ ಸೊಳ್ಳೆಪರದೆ, ಹೆಂಡತಿಯ ಐಡಿಯಾ. ಮಕ್ಕಳಿಬ್ಬರೂ ಆರಾಮಾಗಿ ಮಲಗುತ್ತಾರೆ. ದೊಡ್ಡವರಿಗೆ ಅಗಲ ಇನ್ನೂ ಸಾಲದು, ಪಕ್ಕಕ್ಕೆ ಎಳೆಯುವ ಹಲಗೆಯೊಂದನ್ನು ಬಡಗಿಗೆ ಹೇಳಿದ್ದೇನೆ.