ಗೋಧಿ ಬಿಟ್ಟವರ ಅಡುಗೆಮನೆ

1950ರಲ್ಲಿ ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ, ಗೋಧಿಯಿಂದ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯ ಮಕ್ಕಳು ಗೋಧಿ ಬಿಟ್ಟರೆ ಚೇತರಿಸಿಕೊಳ್ಳುತ್ತಾರೆಂದು ತಮ್ಮ ಪ್ರಬಂಧದಲ್ಲಿ ತೋರಿಸಿದರು. ಎಷ್ಟೋ ವರ್ಷ ಅದು ರೋಗಿಗಳ ಪಥ್ಯವಾಗಿಯೇ ಉಳಿಯಿತು. 2008ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ 'ಗ್ಲುಟೆನ್ ರಹಿತ' ಆಹಾರಕ್ಕೆ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಅಂಟಿನ ಪ್ರೋಟೀನು) ಎಂಬ ಮಿತಿ ಹಾಕಿತು. ಪೊಟ್ಟಣದ ಮೇಲೆ 'ಗ್ಲುಟೆನ್ ರಹಿತ' ಎಂಬ ಅಚ್ಚು ನೋಡಿ ತೂಕ ಇಳಿಸುವವರೂ ಕೊಳ್ಳತೊಡಗಿದರು. ಇದರಿಂದ ರೋಗಿಗಳಿಗೆ ಸಾಮಾನು ಸಿಗುವುದು ಸುಲಭವಾಯಿತು, ನಿಜ. ಆದರೆ ಪಥ್ಯವನ್ನು ಶೋಕಿ ಎಂದುಕೊಂಡು ಹಗುರವಾಗಿ ನೋಡುವವರೂ ಹೆಚ್ಚಿದರು. ಕಾಯಿಲೆ ಇದ್ದವರಿಗೆ ಇದು ಅಪಾಯ.

ಅನುಮಾನವಿದ್ದರೆ ಗೋಧಿ ಬಿಡುವ ಮೊದಲೇ ಈ ಕಾಯಿಲೆಯನ್ನು ಪತ್ತೆಹಚ್ಚುವ ಟಿಟಿಜಿ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ, ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು.

ಜೋಳ, ರಾಗಿ, ನವಣೆ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ತೊಂದರೆ ಇರುವುದು ಗಿರಣಿಯಲ್ಲಿ. ಗೋಧಿ ಹಿಟ್ಟಿನಲ್ಲಿ ಸುಮಾರು ನೂರಕ್ಕೆ ಹತ್ತು ಪಾಲು ಗ್ಲುಟೆನ್ ಎಂದು ಹಿಡಿದರೆ, ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟುತ್ತದೆ. ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿಸಿದರೆ ಕಲ್ಲು ಪೂರ್ತಿ ಶುದ್ಧವಾಗುತ್ತದೆಂದು ನಂಬಬೇಡಿ. ಗೋಧಿ ಮುಟ್ಟಿಸದ ಮನೆಗಿರಣಿಯೇ ಒಳ್ಳೆಯದು. ಜರಡಿ, ಲಟ್ಟಣಿಗೆ, ಮಣೆ ಬೇರೆಯೇ ಇರಲಿ, ಮರದ ಸಂದಿಯಲ್ಲಿ ಹಿಟ್ಟು ಕೂತರೆ ತೊಳೆದರೂ ಹೋಗದು.

ಹೆಚ್ಚಿನವರು ಎಡವುವುದು ಇಂಗಿನಲ್ಲಿ. ಡಬ್ಬಿಯ ಪುಡಿ ಇಂಗಿಗೆ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ್ದು ಹುಡುಕಿ, ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು. ಸೋಯಾ ಸಾಸಿನಲ್ಲಿ ಗೋಧಿ, ಮಾಲ್ಟ್ ಪೇಯಗಳಲ್ಲಿ ಬಾರ್ಲಿ ಇರುತ್ತದೆ.

ರೊಟ್ಟಿಗೆ ಒಂದು ಲೋಟ ಜೋಳದ ಹಿಟ್ಟು, ಮುಕ್ಕಾಲರಿಂದ ಒಂದು ಲೋಟ ನೀರು. ನೀರು ಮರಳುವಾಗಲೇ ಹಿಟ್ಟಿಗೆ ಸುರಿಯಿರಿ. ಹಿಡಿದಿಡಲು ಗ್ಲುಟೆನ್ ಇಲ್ಲವಲ್ಲ, ಬಿಸಿಗೆ ಬೆಂದ ಪಿಷ್ಟವೇ ಆ ಕೆಲಸ ಮಾಡಬೇಕು. ಕೈಗೆ ತಾಳುವಷ್ಟು ಆರಿದೊಡನೆ ಚೆನ್ನಾಗಿ ನಾದಿ. ಅಂಚು ಸೀಳಿದರೆ ನೀರು ಸಾಕಷ್ಟು ಕಾದಿಲ್ಲ, ಇಲ್ಲವೇ ಹಿಟ್ಟು ಹಳತಾಗಿ ಜಿಗಿ ಹೋಗಿದೆ ಎಂದರ್ಥ. ಉದುರಿಸಲೂ ಜೋಳದ ಹಿಟ್ಟೇ. ಹಂಚಿಗೆ ಹಾಕಿದ ಕೂಡಲೇ ಮೇಲೆ ನೀರು ಸವರಿ, ಅದು ಆರುತ್ತಲೇ ತಿರುವಿ.

ಹೋಟೆಲಿನಲ್ಲಿ ದೋಸೆಗಿಂತ ಇಡ್ಲಿ ಮೇಲು, ಅದೇ ಹಂಚಿನಲ್ಲಿ ರವೆ ದೋಸೆಯನ್ನೂ ಹುಯ್ಯುತ್ತಾರೆ. ಆದರೆ ರವೆ ಇಡ್ಲಿ ಬೇಡ. ಸಾಂಬಾರಿಗೆ ಯಾವ ಇಂಗು ಹಾಕಿದ್ದಾರೆಂದು ಅಡುಗೆಯವರನ್ನು ಕೇಳಿ, ಗೊತ್ತಾಗದಿದ್ದರೆ ಒಗ್ಗರಣೆ ಹಾಕದ ಕಾಯಿ ಚಟ್ನಿ ತರಿಸಿಕೊಳ್ಳಿ.